ಕರಡಿ ಹಾಡಿನ ಅತ್ತಿಗೆ

ಹಾಡುವಾಗ ಅತ್ತಿಗೆಯ ಎಡಗೈ ತಾನಾಗಿಯೇ ಎಡಗಿವಿಯ ಮೇಲೆ ಹೋಗಿ ಕೂರುತ್ತಿತ್ತು. ಬೆರಳುಗಳು ಕಿವಿಯ ಹಿಂದೆ, ಹೆಬ್ಬೆರಳು ದವಡೆಯ ಕೆಳಗೆ, ಕಣ್ಣು ಅರ್ಧ ಮುಚ್ಚಿರುತ್ತಿತ್ತು. ಒಲೆಯ ಮುಂದೆ ಸಾರು ಕೈಯಾಡಿಸುವಾಗ ಬಲಗೈ ತನ್ನ ಪಾಡಿಗೆ ಸೌಟು ತಿರುಗಿಸುತ್ತಿದ್ದರೆ ಎಡಗೈ ಕಿವಿ ಹಿಡಿದಿರುತ್ತಿತ್ತು. ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಅವ್ವ ಇದನ್ನು ನೋಡಿ, "ಕಿವಿ ನೋಯತೈತೇನವಾ?" ಎಂದು ಬೆಚ್ಚಗಿನ ಎಣ್ಣೆ ಹಿಡಿದು ಬಂದಿದ್ದಳು. ಅದು ಕಿವಿನೋವಲ್ಲ, ಹಾಡು ಎಂದು ನಮಗೆಲ್ಲ ತಿಳಿಯಲು ಕೆಲವು ದಿನ ಬೇಕಾಯಿತು. ಅಷ್ಟು ಸಣ್ಣಗೆ ಹಾಡಿಕೊಳ್ಳುತ್ತಿದ್ದಳು.

ಅವಳು ನನ್ನ ಅಣ್ಣನ ಹೆಂಡತಿ. ದೋಣಿಮಲೈ ಗಣಿಯ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅವಳಪ್ಪ ಅಲ್ಲಿ ಡಂಪರ್ ಓಡಿಸುತ್ತಿದ್ದರು. ಕ್ವಾರ್ಟರ್ಸೆಂದರೆ ಹತ್ತು ಕಡೆಯಿಂದ ಬಂದವರ ಊರು. ಯಾರ ಮನೆಯ ಹುಡುಗಿ ವೇದಿಕೆ ಹತ್ತಿ ಮೈಕು ಹಿಡಿದರೂ ಚಪ್ಪಾಳೆ ಹೊಡೆದು ಮನೆಗೆ ಹೋಗುತ್ತಾರೆ, ಅಷ್ಟೇ. ಅಂಥಲ್ಲಿಂದ ಅವಳು ಕಂಪ್ಲಿಯ ನಮ್ಮ ಮನೆಗೆ ಬಂದಳು. ನಮ್ಮದು ಅಕ್ಕಿ ಗಿರಣಿ. ಗಿರಣಿಗೆ ಅಂಟಿಕೊಂಡೇ ಮನೆ. ಬೀದಿಗೆ ಹೋಗಲು ಒಂದೇ ಬಾಗಿಲು, ಆ ಬಾಗಿಲ ಬಳಿ ಅಪ್ಪನ ಕುರ್ಚಿ. ಹೂವಿನವಳನ್ನು ಕರೆಯಲು ಹೋದರೂ "ಎಲ್ಲಿಗೆ?" ಎಂಬ ಪ್ರಶ್ನೆಗೆ ಉತ್ತರ ಕೊಟ್ಟೇ ದಾಟಬೇಕು. ಅಪ್ಪ ಕೆಟ್ಟವನಲ್ಲ. ಯಾರ ಮೇಲೂ ಕೈ ಎತ್ತಿದವನಲ್ಲ, ದನಿ ಏರಿಸಿದವನೂ ಅಲ್ಲ. ಏರಿಸುವ ಅಗತ್ಯವೇ ಅವನಿಗೆ ಬಿದ್ದಿರಲಿಲ್ಲ.

ಮದುವೆಗೆ ಮೊದಲು ಅತ್ತಿಗೆ ಹೊಸಪೇಟೆಯಲ್ಲಿ ಒಂದು ಹಾಡು ಹಾಡಿದ್ದಳು. ಮೊಬೈಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಸ್ಟುಡಿಯೊ. ಅಲ್ಲಿಯ ನಾಲ್ಕಾರು ಹುಡುಗರು ಸೇರಿ ಕಂಪ್ಯೂಟರಿನಲ್ಲೇ ಚಿತ್ರ ಬರೆದು ಒಂದು ಕಾರ್ಟೂನ್ ಸಿನಿಮಾ ಮಾಡಲು ಹೊರಟಿದ್ದರು. ದರೋಜಿಯ ಕರಡಿ ಕಾಡಿನ ಎರಡು ಕರಡಿಗಳ ಪ್ರೇಮದ ಕತೆ. ಗುಡ್ಡದ ಆ ಕಡೆ ಗಂಡು, ಈ ಕಡೆ ಹೆಣ್ಣು, ನಡುವೆ ಊರು. ಕರಡಿಗಳಿಗೊಂದು ಜೋಡಿ ಹಾಡು. ಹೆಣ್ಣು ಕರಡಿಯ ದನಿ ಅತ್ತಿಗೆಯದು. "ಬಿಸಿಲು ಇಳಿದ ಮೇಲೆ ಬಾ, ಬಂಡೆ ತಣಿದ ಮೇಲೆ ಬಾ" ಎಂದು ಶುರುವಾಗುತ್ತಿತ್ತು. ಗಂಡಿನ ದನಿ ಬೇರೆ ಯಾವುದೋ ದೊಡ್ಡ ಊರಿನಿಂದ ಕಂಪ್ಯೂಟರಿಗೆ ಬಂದಿತ್ತು. ಹಾಡಿದವನನ್ನು ಅವಳು ನೋಡಿರಲಿಲ್ಲ, ಹೆಸರೂ ಕೇಳಿರಲಿಲ್ಲ. "ಬಲಗಿವ್ಯಾಗ ಅವರ ದನಿ ಬರ್ತಿರ್ತೈತಿ. ಎಡಗಿವಿ ಹೆಡ್‌ಫೋನು ಸರ್ಸಿ ಕೈ ಇಟ್ಕಂಡ್ರ ನಮ್ಮ ದನಿ ನಮಗ ಕೇಳ್ತೈತಿ. ಶ್ರುತಿ ತಪ್ಪಂಗಿಲ್ಲ" ಎಂದು ಒಮ್ಮೆ ನನಗೆ ತೋರಿಸಿಕೊಟ್ಟಿದ್ದಳು. ಕೈ ಕಿವಿಗೆ ಹೋಗುವ ಅಭ್ಯಾಸ ಅಲ್ಲಿಯದು.

ಕಾರ್ಟೂನ್ ಸಿನಿಮಾದಲ್ಲಿ ಹಾಡು ಮೊದಲು, ಚಿತ್ರ ಆಮೇಲೆ. ಹಾಡಿಗೆ ತಕ್ಕ ಹಾಗೆ ಕರಡಿಗಳು ಬಾಯಿ ಆಡಿಸಬೇಕಲ್ಲ. ಆ ಹುಡುಗರು ಬರೆದರು, ಬರೆದರು, ಬರೆಯುತ್ತಲೇ ಇದ್ದರು. ಅಷ್ಟರಲ್ಲಿ ಇವಳ ಮದುವೆಯಾಗಿ, ನಮ್ಮ ಮನೆಗೆ ಬಂದು, ಅಡುಗೆಮನೆ ಇವಳ ಪಾಲಿಗೆ ಬಿದ್ದು ಎಲ್ಲ ಮುಗಿದಿತ್ತು. ಆಗ ಸಿನಿಮಾ ಬಂತು. ಟಾಕೀಸಿನಲ್ಲಿ ನಿಲ್ಲಲಿಲ್ಲ. ಹಾಡು ಮಾತ್ರ ಎಲ್ಲರ ಮೊಬೈಲಿಗೆ ಹೊಕ್ಕಿತು. ಹಂಪಿಯ ಬಂಡೆಗಳ ಮೇಲೆ ಮದುವೆಗೆ ಮುಂಚಿನ ವಿಡಿಯೊ ತೆಗೆಸಲು ಬರುವ ಜೋಡಿಗಳಿಗೆಲ್ಲ ಅದೇ ಹಾಡು ಬೇಕು. ಹುಟ್ಟುಹಬ್ಬಕ್ಕೆ ಅದು, ಟಂಟಂ ಗಾಡಿಯಲ್ಲಿ ಅದು. ನಮ್ಮ ಗಿರಣಿಯ ಹಮಾಲರ ಮೊಬೈಲಿನಲ್ಲೂ ಅದು. ಅತ್ತಿಗೆ ಒಳಗೆ ಅಕ್ಕಿ ಆರಿಸುತ್ತಾ ತನ್ನ ದನಿಯನ್ನು ತಾನೇ ಕೇಳುತ್ತಾ ಸುಮ್ಮನೆ ಕೂತಿರುತ್ತಿದ್ದಳು. ಯಾರಿಗೂ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು.

ಹೇಳಿದ್ದು ಅವಳಪ್ಪ. ಹೊಸಪೇಟೆಯ ಒಂದು ಕಲ್ಯಾಣಮಂಟಪದಲ್ಲಿ ನೆಂಟರ ಮದುವೆ. ಮದುಮಗಳು ಆ ಹಾಡಿಗೆ ಕುಣಿಯುತ್ತಾ ಒಳಗೆ ಬಂದಳು. ಪಾಪ, ಆ ಮನುಷ್ಯನಿಗೆ ತಡೆಯಲಾಗಲಿಲ್ಲ. ಎಲೆಯ ಮುಂದೆ ಕೂತಿದ್ದ ನನ್ನಪ್ಪನ ಕಡೆ ತಿರುಗಿ, "ಕೇಳಿದ್ರೇನ್ರಿ ಬೀಗ್ರ, ಇದು ನಮ್ಮ ಹುಡುಗಿ ದನಿ" ಎಂದುಬಿಟ್ಟರು. ಅಪ್ಪ ಊಟ ಮುಗಿಸಿ ಎದ್ದ. ಮನೆಗೆ ಬಂದು ಕುರ್ಚಿಯಲ್ಲಿ ಕೂತು ಅವಳನ್ನು ಕರೆದ.

"ಅವಾ ಯಾರು?"

"ಯಾರ್ರಿ ಮಾವಾರ?"

"ನಿನ್ನ ಜೋಡಿ ಹಾಡಿದಾವ. ಯಾವ ಊರು, ಯಾರ ಪೈಕಿ?"

"ನಾ ಅವರನ್ನ ನೋಡಿಲ್ರಿ."

"ನೋಡ್ದನ ಬಾ ಬಾ ಅಂತ ಕರದಿಯೇನು?"

"ಅದು ಕರಡಿ ಕರಿಯೋದ್ರಿ."

ನನಗೆ ನಗು ಬಂತು. ಅವ್ವ ನನ್ನ ತೊಡೆ ಚಿವುಟಿದಳು. ನಗುವ ವಿಷಯವಲ್ಲ ಎಂದು ಅಣ್ಣನ ಮುಖ ನೋಡಿದಾಗ ಗೊತ್ತಾಯಿತು. ಅವನು ಮೊಬೈಲಿನಲ್ಲಿ ಹಾಡನ್ನು ಮತ್ತೆ ಮತ್ತೆ ಹಚ್ಚಿ ಗಂಡಿನ ದನಿ ಬರುವ ಕಡೆ ನಿಲ್ಲಿಸಿ ಕೇಳುತ್ತಿದ್ದ. ಹೌದು, ನನ್ನಣ್ಣನಿಗೆ ಕರಡಿಯ ಮೇಲೆ ಹೊಟ್ಟೆಕಿಚ್ಚು. ಮದುವೆಗೆ ಮುಂಚಿನ ಹಾಡು ಅದು ಎಂದರೂ ನಂಬಲೊಲ್ಲ. ಸಿನಿಮಾ ಬಂದದ್ದು ಈಗ, ಹಾಡಿದ್ದು ಆಗ ಹೇಗಾದೀತು ಎನ್ನುತ್ತಾನೆ. ಅವಳು ಬಿಡಿಸಿ ಬಿಡಿಸಿ ಹೇಳಿದಷ್ಟೂ ಅವಳೇ ಸಿಕ್ಕಿಕೊಂಡಳು.

ಅಪ್ಪ, ಅಣ್ಣ ಇಬ್ಬರೂ ಸ್ಟುಡಿಯೊ ಹುಡುಕಿಕೊಂಡು ಹೋದರು. ಹೆಣ್ಣು ಕೊಡುವ ಮನೆಯ ಬಗ್ಗೆ ವಿಚಾರಿಸುವ ಹಾಗೆ ಆ ಗಾಯಕನ ಮನೆತನ ವಿಚಾರಿಸಿದರು. "ನಾನೂ ಅವರ ಮುಖ ನೋಡಿಲ್ರಿ ಯಜಮಾನ್ರ, ದನಿ ಈಮೇಲ್‌ನಾಗ ಬಂತು" ಎಂದನಂತೆ ಸ್ಟುಡಿಯೊದವನು. "ಮುಖ ನೋಡ್ದನ ನಾವು ಒಂದು ಚೀಲ ನೆಲ್ಲು ತಗಳಂಗಿಲ್ಲ" ಎಂದು ಅಪ್ಪ ಅವನನ್ನು ಬೈದು, ಹಾಡನ್ನು ಅಳಿಸಿಹಾಕು ಎಂದ. ಅದು ಎಲ್ಲರ ಮೊಬೈಲಿಗೆ ಹೋಗಿದೆ, ಅಳಿಸಲಾಗುವುದಿಲ್ಲ ಎಂದು ಅವನು ಕೈ ಮುಗಿದ. ಆಗ ಅಪ್ಪನಿಗೆ ಒಂದು ದಾರಿ ಹೊಳೆಯಿತು. ಇಂಥ ದಾರಿ ನಮ್ಮ ಮನೆಯವರಿಗಲ್ಲದೆ ಜಗತ್ತಿನಲ್ಲಿ ಇನ್ನಾರಿಗೂ ಹೊಳೆಯಲಾರದು.

"ಹೆಣ್ಣಿನ ದನಿ ಹಂಗ ಇರ್ಲಿ. ಗಂಡಿನ ದನಿ ತಗದು ನಮ್ಮ ಹುಡುಗಂದು ಹಾಕು."

ನನ್ನಣ್ಣ ಹುಟ್ಟಿದಾಗಿನಿಂದ ಹಾಡಿದವನಲ್ಲ. ಗಿರಣಿಯ ಗದ್ದಲದಲ್ಲಿ ಕೂಗಿ ಕೂಗಿ ಅವನ ದನಿ ಯಂತ್ರದ ಬೆಲ್ಟು ಜಾರಿ ಕಿರುಗುಟ್ಟಿದ ಹಾಗಾಗಿತ್ತು. ಆದರೂ ಅಪ್ಪನ ಮಾತು. ಸಂಜೆ ಗಿರಣಿ ನಿಂತ ಮೇಲೆ ಪಡಸಾಲೆಯಲ್ಲಿ ಪಾಠ. ಅತ್ತಿಗೆ ಒಂದು ಸಾಲು ಹೇಳಿಕೊಡುವುದು, ಅಣ್ಣ ಅದನ್ನು ಕೆಡಿಸುವುದು, ಅಪ್ಪ ಕುರ್ಚಿಯಲ್ಲಿ ಕೂತು "ಹ್ಞೂಂ, ಆತು, ಮುಂದಿಂದು" ಎನ್ನುವುದು. ಒಂದು ಸಂಜೆ ಅಣ್ಣ "ಬಂಡೆ" ಎಂಬ ಮಾತನ್ನು ಎಳೆದ ಪರಿಗೆ ಅತ್ತಿಗೆ ಸೆರಗು ಬಾಯಿಗೆ ಹಿಡಿದು ನಕ್ಕಳು. ಅಣ್ಣನೂ ನಕ್ಕ. ಅವರಿಬ್ಬರೂ ಕೂಡಿ ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆಗ. ಅವರ ಸಂಸಾರ ಇನ್ನೇನು ಹದಕ್ಕೆ ಬಂತು ಎಂದುಕೊಂಡು ನನಗೆ ಭಾರೀ ಖುಷಿಯಾಗಿತ್ತು.

ರೆಕಾರ್ಡಿಂಗಿಗೆ ನಾನೂ ಹೋಗಿದ್ದೆ. ಗಾಜಿನ ಆಚೆ ಒಂದು ಪುಟ್ಟ ಕೋಣೆ, ಗೋಡೆಗೆಲ್ಲ ಕಪ್ಪು ಸ್ಪಂಜು. ಅಣ್ಣ ಒಳಗೆ ಹೋಗಿ ಹೆಡ್‌ಫೋನು ಹಾಕಿಕೊಂಡು, ಅತ್ತಿಗೆಗೆ ನೀನೂ ಬಾ ಎಂದು ಸನ್ನೆ ಮಾಡಿದ. ಒಬ್ಬರೇ ಇರಬೇಕು ಎಂದ ಸ್ಟುಡಿಯೊದವನು. ಬಾಗಿಲು ಮುಚ್ಚಿತು. ಅತ್ತಿಗೆ ಹಿಂದೆ ಹಾಡಿಟ್ಟಿದ್ದ ದನಿ ಅವನ ಕಿವಿಗೆ ಹೋಗುತ್ತಿತ್ತು. ಅತ್ತಿಗೆ ಗಾಜಿನ ಈಚೆ ನನ್ನ ಪಕ್ಕದಲ್ಲಿ ನಿಂತಿದ್ದಳು. ಅಣ್ಣ ಹಾಡಿದ, ನಿಲ್ಲಿಸಿದ, ಸುತ್ತ ನೋಡಿದ, ಮತ್ತೆ ಹಾಡಿದ. ಹೊರಗೆ ಬಂದಾಗ ಅಂಗಿ ಬೆವರಿಗೆ ಒದ್ದೆಯಾಗಿತ್ತು. ಮೆಟ್ಟಿಲಿಳಿಯುವಾಗ ಮೆಲ್ಲಗೆ ಕೇಳಿದ.

"ಒಳಗ ಯಾರೂ ಇರಂಗಿಲ್ಲ ಅಲ?"

"ಇಲ್ರಿ. ಯಾರೂ ಇರಂಗಿಲ್ಲ."

"ಬರೇ ದನಿ. ಯಾರದೋ ದನಿ ಹಿಡ್ಕಂಡು ಒಬ್ಬಾಕೆನ ನಿಂತಿದ್ದೀ ಅಲ್ಲಿ."

"ಅದನ್ನ ಮಾವಾರ ಮುಂದ ಹೇಳ್ರಿ" ಎಂದಳು ಅತ್ತಿಗೆ. ಅವಳ ಮುಖದಲ್ಲಿ ಅಂಥ ಆಸೆಯನ್ನು ನಾನು ಕಂಡಿರಲಿಲ್ಲ. "ಹೇಳ್ತೀನಿ" ಎಂದ ಅಣ್ಣ. ಕಾರಿನಲ್ಲಿ ಎರಡು ಸಲ "ಇವತ್ತ ಹೇಳ್ತೀನಿ" ಎಂದ. ಮನೆಗೆ ಬಂದಾಗ ಕುರ್ಚಿಯಿಂದ ಅಪ್ಪ, "ಆತೇನು?" ಎಂದು ಕೇಳಿದ. "ಆತು" ಎಂದ ಅಣ್ಣ. ಅಷ್ಟು ಹೇಳಿ ಗಿರಣಿಗೆ ಹೋದ. ಅತ್ತಿಗೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಅಕ್ಕಿ ತೊಳೆಯಲು ಕೂತಳು. ಅವತ್ತು ನನಗೆ ಅಣ್ಣನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆಮೇಲೆ ಶುರುವಾಯಿತು ನೋಡಿ ಅಸಲಿ ಪಜೀತಿ. ಊರವರ ಮೊಬೈಲಿನಲ್ಲಿ ಹಳೆಯ ಹಾಡೇ ಇದ್ದರೂ, ಮಗನ ದನಿ ಸೇರಿದ್ದರಿಂದ ಅಪ್ಪನಿಗೆ ಈಗ ಆ ಹಾಡೆಂದರೆ ಹೆಮ್ಮೆ. ನೆಂಟರ ಮದುವೆ, ಸೀಮಂತ, ಗೃಹಪ್ರವೇಶ, ಎಲ್ಲಿ ಹೋದರೂ ಗಂಡ ಹೆಂಡಿರನ್ನು ನಿಲ್ಲಿಸಿ ಹಾಡಿಸುವುದು. "ಎಂಥಾ ಜೋಡಿ ನೋಡ್ರಿ" ಎಂದು ಜನ ಹೊಗಳುವುದು. ಅಣ್ಣ ಶ್ರುತಿ ಬಿಟ್ಟು ಹೋದ ಕಡೆಗೆಲ್ಲ ಅತ್ತಿಗೆ ತನ್ನ ದನಿಯನ್ನು ಬಗ್ಗಿಸಿಕೊಂಡು ಅವನ ಹಿಂದೆ ಹೋಗುವುದು. ಬೇರೆ ಹಾಡಿಲ್ಲ, ಒಬ್ಬಳೇ ಹಾಡುವಂತಿಲ್ಲ. ಅಡುಗೆಮನೆಯಲ್ಲೂ ಅವಳ ಗುನುಗು ನಿಂತಿತು. ಯಾಕೆಂದು ಕೇಳಿದ್ದಕ್ಕೆ, "ಮೊದ್ಲು ಇಲ್ಲಿ ನಾ ಹಾಡ್ತಿದ್ದೆ. ಈಗ ಬಾಯಿ ತೆಗದ್ರ ಅದ ಹಾಡು ಬರ್ತೈತಿ, ಅದೂ ನಿಮ್ಮಣ್ಣನ ಧಾಟ್ಯಾಗ" ಎಂದಳು.

ಸ್ಟುಡಿಯೊದವನು ಮತ್ತೊಂದು ಸಿನಿಮಾ ಶುರುಮಾಡಿ ಫೋನು ಮಾಡಿದ. ಈ ಸಲ ಒಬ್ಬಳೇ ಹಾಡುವ ಹಾಡು. ಗಂಡಿನ ದನಿಯೇ ಇಲ್ಲವಲ್ಲ, ಇದಕ್ಕೇನೂ ತಕರಾರಿರದು ಎಂದು ನಾವು ಹೆಂಗಸರು ಲೆಕ್ಕ ಹಾಕಿದೆವು. ಅತ್ತಿಗೆ ಕುರ್ಚಿಯ ಮುಂದೆ ನಿಂತು ಕೇಳಿದಳು. ಅಪ್ಪ ಶಾಂತವಾಗಿ, "ಅದ್ರಾಗ ನಮ್ಮ ಹುಡುಗ ಎಲ್ಲಿ ನಿಂದ್ರತಾನ?" ಎಂದ. ಫೋನು ಇನ್ನೂ ಒಂದೆರಡು ಸಲ ಬಂತು. ಆಮೇಲೆ ಬರಲಿಲ್ಲ.

ಅಷ್ಟು ಹೊತ್ತಿಗೆ ನನಗೆ ಸಂಡೂರಿನ ಕಡೆ ಒಂದು ಗಣಿಯ ಪ್ರಯೋಗಾಲಯದಲ್ಲಿ ಅದಿರು ಪರೀಕ್ಷಿಸುವ ಕೆಲಸ ಸಿಕ್ಕಿತ್ತು. ಮದುವೆಯಾಗುವ ತನಕ ಮಾಡಿಕೊಳ್ಳಲಿ ಎಂದು ಅಪ್ಪ ಬಿಟ್ಟಿದ್ದ. ನನಗೆ ಆ ಕೆಲಸವೆಂದರೆ ಪ್ರಾಣ. ಕೆಂಪು ಧೂಳು ಮೆತ್ತಿದ ಹೆಲ್ಮೆಟ್ಟು, ಸ್ಟಾಫ್ ಬಸ್ಸಿನ ಕಿಟಕಿ, ಎಲ್ಲವೂ ನನ್ನದು ಅನಿಸುತ್ತಿತ್ತು. ಒಂದು ಭಾನುವಾರ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ದೊಡ್ಡ ಮನೆತನ, ಅಪ್ಪ ಮನಸ್ಸಿನಲ್ಲಿ ಮುಗಿಸಿಯೇ ಬಿಟ್ಟಿದ್ದ. ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರದಲ್ಲಿ ಹಾಡು ಹೇಳಿಸುವುದೊಂದು ಉಂಟು. ಹುಡುಗನ ಸೋದರತ್ತೆ ಉಪ್ಪಿಟ್ಟಿನ ತಟ್ಟೆ ಹಿಡಿದು, "ಒಂದು ಹಾಡು ಹೇಳವಾ" ಎಂದಳು. ನನಗೆ ಹಾಡು ಬರುವುದಿಲ್ಲ. ನಾನು ತಡವರಿಸಿದ್ದು ನೋಡಿ ಅಪ್ಪ ಅತ್ತಿಗೆಯನ್ನು ಕರೆದು, "ನೀ ಜೊತಿಗಿ ಹೇಳು" ಎಂದ.

ಅತ್ತಿಗೆ ಬಂದು ನನ್ನ ಪಕ್ಕ ನಿಂತಳು. ಹಾಡಲಿಲ್ಲ. ಆ ಹೆಂಗಸನ್ನು ನೋಡಿ ಕೇಳಿದಳು.

"ಮದಿವ್ಯಾದ ಮ್ಯಾಲೂ ಹಾಡಾಕ ಬಿಡ್ತೀರೇನ್ರಿ?"

"ಆಮ್ಯಾಲೆ ಎಲ್ಲಿ ಪುರಸೊತ್ತವಾ" ಎಂದು ಆಕೆ ನಕ್ಕಳು.

"ನನ್ನ ನೋಡಾಕ ಇವರು ದೋಣಿಮಲೈಗೆ ಬಂದಾಗ ಹಾಡಂದ್ರು. ಹಾಡಿದೆ. ಇನ್ನೊಂದು ಅಂದ್ರು, ಅದನ್ನೂ ಹಾಡಿದೆ. ಭಾಳ ಚಲೋ ಹಾಡ್ತಾಳ ಅಂತ ಒಪ್ಪಿದ್ರು. ಅವತ್ತ ಕೇಳಬೇಕಿತ್ತು ನಾ, ಕೇಳ್ಲಿಲ್ಲ. ಇಕಿಗೆ ಹಾಡು ಬರಂಗಿಲ್ರಿ. ಕೆಲ್ಸ ಬರ್ತೈತಿ. ಆ ಕೆಲ್ಸ ಬಿಡ್ಸಂಗಿಲ್ಲ ಅಂತ ಇಲ್ಲೇ ಎಲ್ಲಾರ ಮುಂದ ಹೇಳ್ರಿ. ಹೇಳಾಕ ಆಗಂಗಿಲ್ಲ ಅಂದ್ರ ಉಪ್ಪಿಟ್ಟು ತಿಂದು ಹೊಂಡ್ರಿ."

ಅವರು ಉಪ್ಪಿಟ್ಟೂ ತಿನ್ನಲಿಲ್ಲ. ಕಾರು ಹೋದ ಮೇಲೆ ಅಪ್ಪ ಎಂದಿನ ಸಣ್ಣ ದನಿಯಲ್ಲೇ, "ನಿನಗ ಮಾತಾಡು ಅಂತ ಯಾರು ಹೇಳಿದ್ರು?" ಎಂದ. ಅತ್ತಿಗೆ ಬಾಯಿ ತೆರೆಯುವ ಮೊದಲೇ ಕಂಬಕ್ಕೆ ಒರಗಿ ನಿಂತಿದ್ದ ಅಣ್ಣ, "ನಾನ ಹೇಳಿದ್ದೆ" ಎಂದ. ಶುದ್ಧ ಸುಳ್ಳು. ಅಪ್ಪನಿಗೆ ಅವನು ಹೇಳಿದ ಮೊದಲ ಸುಳ್ಳು ಅದೇ ಇರಬೇಕು. ಅಪ್ಪ ಮಗನನ್ನೂ ಸೊಸೆಯನ್ನೂ ನೋಡಿ, "ಹಂಗಾರ ಇನ್ನ ಮ್ಯಾಲೆ ನೀವಿಬ್ರೂ ಎಲ್ಲೂ ಹಾಡಬ್ಯಾಡ್ರಿ" ಎಂದ. ಅಲ್ಲಿಗೆ ಆ ಒಂದು ಹಾಡೂ ಹೋಯಿತು.

ಈ ಸುದ್ದಿ ಊರೆಲ್ಲ ಹರಡಿತು. ಮುಂದೆ ನನ್ನನ್ನು ನೋಡಲು ಬಂದವರು ಕೆಲಸ ಬಿಡಿಸುವುದಿಲ್ಲ ಎಂದು ತಾವಾಗಿಯೇ ಹೇಳಿಕೊಂಡು ಬಂದರು. ಹಾಗೆ ಬಂದ ಒಬ್ಬನನ್ನು ಮದುವೆಯಾಗಿ ಪಾಪಿನಾಯಕನಹಳ್ಳಿಯಲ್ಲಿದ್ದೇನೆ. ಕೆಲಸಕ್ಕೆ ಹೋಗುತ್ತೇನೆ. ಹೋದ ವರ್ಷ ಕಂಪ್ಲಿಗೆ ಹೋದಾಗ ಅತ್ತಿಗೆಗೆ ಹೇಳಿದೆ: "ನಮ್ಮನಿಗೆ ಅಂತ ಹೇಳಿ ಬಾ. ಸ್ಟುಡಿಯೊಕ್ಕ ನಾ ಕರ್ಕಂಡು ಹೋಗ್ತೀನಿ. ಬ್ಯಾರೆ ಹೆಸ್ರು ಹಾಕ್ಸಿದ್ರಾತು, ಯಾರಿಗೂ ಗೊತ್ತಾಗಂಗಿಲ್ಲ." ಅವಳು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ತಲೆ ಎತ್ತದೆ, "ಕದ್ದು ಹಾಡಂಗಿಲ್ಲ" ಎಂದಳು.

"ಹಂಗಾರ ಇಷ್ಟ ಸಾಕೇನು ನಿನಗ?"

"ಸಾಕು ಅಂತ ಯಾಕ ಅಂದೇನು. ಸಾಲಂಗಿಲ್ಲ. ದಿನಾ ಸಾಲಂಗಿಲ್ಲ. ನೀ ಮಾತ್ರ ಕೆಲ್ಸ ಬಿಟ್ಟಿ ಅಂದ್ರ ನನ್ನ ಮುಂದ ಬರಬ್ಯಾಡ ನೋಡು."

ಮಗುವಿಗೆ ಜ್ವರ ಬಂದಾಗ, ಮೇಲಿನವರು ಬೈದಾಗ, ಬಸ್ಸಿನಲ್ಲಿ ನಿಂತು ಕಾಲು ನೊಂದಾಗ ಈ ಕೆಲಸವನ್ನು ಬಿಟ್ಟುಬಿಡೋಣ ಅನಿಸುತ್ತದೆ. ಗಂಡ, "ಬಿಡು, ನನ್ನ ಪಗಾರದಾಗ ನಡೀತೈತಿ" ಎನ್ನುತ್ತಾನೆ, ಒಳ್ಳೆಯ ಮನಸ್ಸಿನಿಂದಲೇ. ರಾಜೀನಾಮೆ ಬರೆಯಲು ಒಮ್ಮೆ ಕೂತೂ ಕೂತೆ. ಬಿಡಲು ಅದು ನನ್ನೊಬ್ಬಳ ಕೆಲಸವಾಗಿದ್ದರೆ ಅವತ್ತೇ ಬಿಡುತ್ತಿದ್ದೆ.