ಗೋಣಿಮರ ಬಿದ್ದ ದಿನದ ಕೊನೆಯ ಫೋಟೋ

ಸರ್ಕಾರಿ ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕರೆಂದರೆ ಯಾರು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗಣಿತದ ಮೇಷ್ಟ್ರು ರಜೆ ಹಾಕಿದಾಗ ತರಗತಿಯನ್ನು ಸುಮ್ಮನಿರಿಸುವವರು, ಸ್ವಾತಂತ್ರ್ಯೋತ್ಸವದ ಹಿಂದಿನ ಸಂಜೆ ಅಂಗಳಕ್ಕೆ ಸುಣ್ಣದ ಗೆರೆ ಎಳೆಯುವವರು, ಚುನಾವಣೆ ಬಂದಾಗ ಎಲ್ಲರಿಗಿಂತ ಮೊದಲು ನೆನಪಾಗುವವರು, ಮಿಕ್ಕಂತೆ ಯಾರಿಗೂ ನೆನಪಾಗದವರು. ಇಂಥ ಹುದ್ದೆಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲವಿದ್ದು, ಜಗಳೂರು, ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಸೀಮೆಗಳ ಜನರಿಗೆ ತಮ್ಮ ಮುಖವನ್ನು ತಾವೇ ಕಾಣುವ ಭಾಗ್ಯ ಕಲ್ಪಿಸಿ, ಈ ವರ್ಷ ವಯೋನಿವೃತ್ತಿ ಹೊಂದಿದ ಶ್ರೀ ಓಬಣ್ಣನವರಿಗೆ ಈ ಅಭಿನಂದನಾ ಸಂಪುಟ ಅರ್ಪಿತವಾಗುತ್ತಿರುವುದು ಸಂತೋಷದ ಸಂಗತಿ. ಅವರು ಈ ಭಾಗದ ಏಕೈಕ ಕಪ್ಪು-ಬಿಳುಪು ಛಾಯಾಗ್ರಾಹಕರೆಂದು ಸಮಿತಿಯವರು ಆಮಂತ್ರಣದಲ್ಲಿ ಅಚ್ಚು ಹಾಕಿಸಿದ್ದಾರೆ. ಉಳಿದವರೆಲ್ಲ ಬಣ್ಣಕ್ಕೆ ಹೋಗಿ ಬಹಳ ಕಾಲವಾದ್ದರಿಂದ ಆ ಮಾತಿಗೆ ಇದುವರೆಗೆ ತಕರಾರು ಬಂದಿಲ್ಲ.

ಓಬಣ್ಣನವರು ಹುಟ್ಟಿದ್ದೂ ಮೊದಲು ಕೆಲಸಕ್ಕೆ ಸೇರಿದ್ದೂ ಜಗಳೂರು ತಾಲ್ಲೂಕಿನಲ್ಲಿ. ಅಲ್ಲಿ ಬಾಗಿಲು ಹಾಕುತ್ತಿದ್ದ ಸ್ಟುಡಿಯೋ ಒಂದರಿಂದ ತಂದ ರೀಲಿನ ಕ್ಯಾಮೆರಾ ಇಂದಿಗೂ ಅವರ ಹೆಗಲಲ್ಲಿದೆ. ಬಣ್ಣ ಹೇಗೂ ಕಣ್ಣೆದುರಿಗೆ ಬೇಕಾದಷ್ಟು ಬಿದ್ದಿದೆ, ಅದನ್ನೇ ಮತ್ತೆ ಕಾಗದದ ಮೇಲೆ ತರುವುದರಲ್ಲಿ ಏನು ಹೆಚ್ಚುಗಾರಿಕೆ ಎಂಬುದು ಅವರ ವಾದ. ಕಪ್ಪು-ಬಿಳುಪಿನ ರೀಲು ಅಂಗಡಿಗಳಲ್ಲಿ ಸಿಗದಂತಾದಾಗ ಅಂಚೆಯಲ್ಲಿ ತರಿಸಿಕೊಂಡರು. ಅದನ್ನು ತೊಳೆಯಲು ಕತ್ತಲೆ ಕೋಣೆ ಬೇಕಾದಾಗ ಶಾಲೆಯ ಆಟದ ಸಾಮಾನಿನ ಕೋಣೆಯ ಕಿಟಕಿಗೆ ಕಂಬಳಿ ಹೊದಿಸಿದರು. ಅವರು ಒಳಗಿರುವಷ್ಟು ಹೊತ್ತು ಯಾರೂ ಬಾಗಿಲು ತೆರೆಯುವಂತಿರಲಿಲ್ಲ. ಹಾಗಾಗಿ ಆ ಶಾಲೆಯ ವಾಲಿಬಾಲ್ ತಂಡ ಒಂದಿಡೀ ವರ್ಷ ಚೆಂಡಿಲ್ಲದೆ ಅಭ್ಯಾಸ ಮಾಡಿ, ಮೊದಲ ಸುತ್ತಿನಲ್ಲೇ ಮನೆಗೆ ಬಂದದ್ದನ್ನು ದೈಹಿಕ ಶಿಕ್ಷಕರು ಇನ್ನೂ ಮರೆತಿಲ್ಲ.

ಹೊನ್ನಾಳಿ ಕಡೆಗೆ ವರ್ಗವಾಗಿ ಬಂದ ಮೇಲೆ, ಹತ್ತನೆಯ ತರಗತಿಯ ಪರೀಕ್ಷಾ ಅರ್ಜಿಗೆ ಭಾವಚಿತ್ರ ಅಂಟಿಸುವ ಕಾಲ ಬಂತು. ಪೇಟೆಯ ಸ್ಟುಡಿಯೋಗೆ ಹೋಗಲಾಗದ ಮಕ್ಕಳನ್ನೆಲ್ಲ ಓಬಣ್ಣನವರು ಶಾಲೆಯ ಗೋಡೆಗೆ ನಿಲ್ಲಿಸಿ ತಾವೇ ಫೋಟೋ ತೆಗೆದರು. ಅರ್ಜಿ ಕಳಿಸುವ ಹಿಂದಿನ ದಿನ ಮುಖ್ಯೋಪಾಧ್ಯಾಯಿನಿ ಶಾಂತಾದೇವಿಯವರು ಸುತ್ತೋಲೆಯನ್ನು ಇನ್ನೊಮ್ಮೆ ಓದಿದಾಗ, ಭಾವಚಿತ್ರವು ಬಣ್ಣದಲ್ಲಿರತಕ್ಕದ್ದು ಎಂಬ ಸಾಲು ಕಣ್ಣಿಗೆ ಬಿತ್ತು. ಓಬಣ್ಣನವರು ಜಲವರ್ಣದ ಡಬ್ಬಿ ತೆರೆದು, ಸಣ್ಣ ಕುಂಚದಲ್ಲಿ ಅಷ್ಟೂ ಮಕ್ಕಳ ಕೆನ್ನೆಗೆ ಗುಲಾಬಿಯನ್ನೂ ಸಮವಸ್ತ್ರಕ್ಕೆ ನೀಲಿಯನ್ನೂ ತುಂಬಿದರು. ತುಂಗಭದ್ರೆಯ ದಂಡೆಯ ಬಿಸಿಲಲ್ಲಿ ಬೆಳೆದ ಮಕ್ಕಳು ಆ ವರ್ಷ ಕಾಶ್ಮೀರದವರ ಕೆನ್ನೆ ಹೊತ್ತು ಪರೀಕ್ಷೆ ಬರೆದರು. ಒಂದು ಅರ್ಜಿಯೂ ವಾಪಸು ಬರಲಿಲ್ಲ. ಆ ಕೆಂಪು ಕೆನ್ನೆಯವರಲ್ಲಿ ಕೆಲವರು ಇಂದು ಈ ಸಮಿತಿಯಲ್ಲಿದ್ದಾರೆ, ಗುರುಗಳ ಋಣ ತೀರಿಸಲು ಊರೂರು ತಿರುಗಿ ಲೇಖನ ಬೇಡಿದವರು ಅವರೇ.

ಕೇಳಿದವರಿಗೆ ಇಲ್ಲವೆನ್ನಲಾರದ ಈ ಗುಣ ಓಬಣ್ಣನವರಿಗೆ ಒಮ್ಮೆ ಮಾತ್ರ ಸರಿಯಾಗಿ ಕೈಕೊಟ್ಟಿತು. ಆಗ ಅವರು ನ್ಯಾಮತಿ ಸೀಮೆಯ ಹಳ್ಳಿಯೊಂದರಲ್ಲಿದ್ದರು. ಗೋವಿನಕೋವಿಗೆ ಹೋಗುವ ದಾರಿಯ ತಿರುವಿನಲ್ಲಿ ಭಾರಿ ಗೋಣಿಮರವಿತ್ತು. ಬಸ್ಸು ನಿಲ್ಲುತ್ತಿದ್ದದ್ದು ಅದರ ಕೆಳಗೆ, ಹೊನ್ನೂರಮ್ಮನ ಚಹಾದಂಗಡಿ ಇದ್ದದ್ದೂ ಅದರ ನೆರಳಲ್ಲಿ. ದಿನವೂ ಅಲ್ಲೇ ಇಳಿದು ಶಾಲೆಗೆ ನಡೆಯುತ್ತಿದ್ದ ಓಬಣ್ಣನವರು ಆ ಮರದ ಒಂದು ಫೋಟೋವನ್ನೂ ತೆಗೆದಿರಲಿಲ್ಲ. ಮರ ಎಲ್ಲಿಗೆ ಹೋದೀತು ಎಂಬ ಧೈರ್ಯ. ರಸ್ತೆ ಅಗಲ ಮಾಡುವವರು ಬಂದು ತೊಗಟೆ ಕೆತ್ತಿ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋದ ದಿನ ಅವರಿಗೆ ಊಟ ಸೇರಲಿಲ್ಲ. ನಂಬರು ಬಿದ್ದ ಮೇಲೆ ನಿಂತ ಮರದ ಫೋಟೋ ತೆಗೆಯುವ ಕಾಲ ಮೀರಿತು, ಇನ್ನು ಅದು ಬುಡ ಬಿಟ್ಟು ನೆಲ ಮುಟ್ಟುವ ನಡುವೆ ಗಾಳಿಯಲ್ಲಿರುವ ಆ ಗಳಿಗೆಯನ್ನಾದರೂ ಹಿಡಿಯಬೇಕೆಂದು ಅವರು ನಿಶ್ಚಯಿಸಿದರು. ಕೈಯಲ್ಲಿದ್ದದ್ದು ಒಂದೇ ರೀಲು, ಮತ್ತೊಂದು ಅಂಚೆಯಲ್ಲಿ ದಾರಿ ಮೇಲಿತ್ತು. 'ಮರ ಬೀಳುವ ಪ್ರಯುಕ್ತ' ಎಂದು ಕಾರಣ ಬರೆದು ರಜೆ ಪಡೆದ ಶಿಕ್ಷಕರು ನಾಡಿನಲ್ಲಿ ಇವರೊಬ್ಬರೇ ಇರಬೇಕು.

ಮರ ಉರುಳಿಸಲು ಬಂದಿದ್ದವರ ಹಿರಿಯ ಗೋಣೆಪ್ಪ, ಹುರಿಮೀಸೆಯ ಮನುಷ್ಯ. ಜೊತೆಗೆ ಇನ್ನಿಬ್ಬರು. ಮರಕ್ಕೆ ಪೂಜೆಯಾಗಿ, ಕಾಯಿ ಒಡೆದು, ತಪ್ಪಾಯಿತೆಂದು ಕೈಮುಗಿದ ಮೇಲೆ, ಓಬಣ್ಣನವರು ಮೂವರನ್ನೂ ಬುಡದ ಬಳಿ ನಿಲ್ಲಲು ಕೋರಿದರು. ಗೋಣೆಪ್ಪ ಹಿಂದಕ್ಕೆ ಸರಿದ.

"ಮೂರು ಜನ ಒಂದೇ ಫೋಟೋದಾಗೆ ನಿಲ್ಲಂಗಿಲ್ರೀ ಮೇಷ್ಟ್ರೆ. ಒಬ್ರಿಗೆ ಕೆಟ್ಟದಾಗ್ತೈತೆ. ನಮ್ದು ಮೊದ್ಲೇ ಮರದ ಕೆಳಗಿನ ಕೆಲ್ಸ."

ಇದು ಈ ಕಡೆಯ ಹಳೆಯ ನಂಬಿಕೆ. ಮದುವೆ ಮನೆಯಲ್ಲೂ ಮೂವರು ನಿಂತರೆ ಓಡಿಬಂದು ನಾಲ್ಕನೆಯವರಾಗುವ ಪುಣ್ಯಾತ್ಮರುಂಟು. ಓಬಣ್ಣನವರು ನಾಲ್ಕನೆಯವಳಾಗಲು ಹೊನ್ನೂರಮ್ಮನನ್ನು ಕರೆದರು. ಆಕೆ ಬಟ್ಟಲು ತೊಳೆಯುವುದನ್ನು ನಿಲ್ಲಿಸಿ, ರೀಲು ಯಾವ ಬಣ್ಣದ್ದೆಂದು ವಿಚಾರಿಸಿದಳು.

"ಕರಿ-ಬಿಳಿ ಫೋಟೋ ತಿಥಿಗೆ ಇಡಾಕಲ್ವೇನ್ರೀ? ನಾವಿನ್ನೂ ಬದುಕಿದೀವಿ."

"ತಿಥಿ ಮರದ್ದು, ಹೊನ್ನೂರಮ್ಮ," ಎಂದರು ಓಬಣ್ಣನವರು. "ನೀವು ನೆಂಟ್ರು."

ಈ ಮಾತು ಆಡಬಾರದಿತ್ತು. ನೆಂಟರೆಂದ ಮೇಲೆ ಆ ಊರಲ್ಲಿ ಗೋಣಿಮರಕ್ಕೆ ನೆಂಟರಲ್ಲದವರು ಯಾರು? ಹೊನ್ನೂರಮ್ಮ ಸೀರೆ ಬದಲಿಸಲು ಮನೆಗೆ ಹೋದವಳು ಬರುವಾಗ ನಾದಿನಿ ಶಂಕ್ರಮ್ಮನನ್ನು ಕರೆತಂದಳು. ಶಂಕ್ರಮ್ಮನ ಹಿಂದೆ ಅವಳ ಓಣಿ, ಓಣಿಯ ಹಿಂದೆ ಊರು. ಬಸ್ಸಿನಿಂದ ಇಳಿದವರೂ ಬ್ಯಾಗು ಕೆಳಗಿಟ್ಟು ತಲೆ ಬಾಚಿಕೊಂಡರು. ಓಬಣ್ಣನವರು ಒಬ್ಬರಿಗೂ ಇಲ್ಲವೆನ್ನಲಿಲ್ಲ. ಬಿಸಿಲು ತೆಗೆಯುವವರ ಬೆನ್ನಿಗಿರಬೇಕು, ಮುಖಕ್ಕೆ ಬೆಳಕು ಬೀಳಬೇಕು ಎಂದು ಪ್ರತಿ ಗುಂಪಿಗೂ ವಿವರಿಸುತ್ತ, ಮರವನ್ನು ಹಿಂದಿಟ್ಟು ಮುಖಗಳನ್ನು ಮುಂದಿಟ್ಟು ತೆಗೆಯುತ್ತಲೇ ಹೋದರು. ಪಕ್ಕದಲ್ಲಿ ನಿಂತ ಹೊನ್ನೂರಮ್ಮ ಅಷ್ಟನ್ನೂ ಗಮನವಿಟ್ಟು ಕೇಳಿಸಿಕೊಳ್ಳುತ್ತಿದ್ದಳು. ಇಳಿಹೊತ್ತಿಗೆ ರೀಲಿನಲ್ಲಿ ಕೊನೆಯ ಒಂದು ಫೋಟೋ ಉಳಿಯಿತು. ಅದು ಬೀಳುವ ಮರಕ್ಕೆ ಮೀಸಲು ಎಂದು ಓಬಣ್ಣನವರು ಕ್ಯಾಮೆರಾವನ್ನು ಎದೆಗೆ ಒತ್ತಿ ಹಿಡಿದರು.

ಬುಡವನ್ನು ಮಶೀನು ಗರಗಸದಲ್ಲಿ ಬೇಕಾದಷ್ಟು ಕೊಯ್ದು, ಜನರನ್ನೆಲ್ಲ ಬದಿಗೆ ಸರಿಸಿ, ನೆತ್ತಿಗೆ ಕಟ್ಟಿದ ಉದ್ದನೆಯ ಹಗ್ಗವನ್ನು ಮೂವರೂ ದೂರದಲ್ಲಿ ಹಿಡಿದು ನಿಂತರು. ಓಬಣ್ಣನವರು ಅವರ ಹಿಂದೆ ನಿಂತು ಕ್ಯಾಮೆರಾ ಎತ್ತಿದರು. ಗೋಣೆಪ್ಪ ತಿರುಗಿ ನೋಡಿ ಹಗ್ಗ ಸಡಿಲ ಬಿಟ್ಟ. ಕ್ಯಾಮೆರಾದೊಳಗೆ ಮತ್ತೆ ಮೂವರೇ ಇದ್ದರು. ಬೆನ್ನು ಮಾತ್ರ ಬರುತ್ತದೆಂದು ಓಬಣ್ಣನವರು ಗೋಗರೆದರು. ಬೆನ್ನೂ ನಮ್ಮದೇ ಎಂದ ಗೋಣೆಪ್ಪ. ಕೊಯ್ದ ಮರ ನಿಂತೇ ಇತ್ತು, ರಸ್ತೆಯ ಎರಡೂ ಕಡೆ ಬಸ್ಸುಗಳು ಹಾರ್ನು ಹೊಡೆಯುತ್ತಿದ್ದವು.

"ನೀವೇ ಬಂದು ಹಗ್ಗ ಹಿಡೀರಿ," ಎಂದ ಗೋಣೆಪ್ಪ. " ನಾಕಾಗ್ತೀವಿ."

"ಫೋಟೋ ತೆಗೆಯೋರ್ಯಾರು?"

"ನಾನು ತೆಗೀತೀನಿ ಬಿಡ್ರಿ," ಎಂದಳು ಹೊನ್ನೂರಮ್ಮ. "ಬೆಳಗಿಂದ ನೋಡೀನಿ."

ತಾವು ಅಷ್ಟು ಪ್ರೀತಿಸಿದ ಮರವನ್ನು ಎಳೆದು ಕೆಡವುವ ಹಗ್ಗಕ್ಕೆ ಓಬಣ್ಣನವರು ಹೀಗೆ ನಾಲ್ಕನೆಯವರಾಗಿ ಕೈ ಹಾಕಿದರು. ಹೊನ್ನೂರಮ್ಮ ದಿನವಿಡೀ ಕಲಿತ ಪಾಠವನ್ನು ಒಂದು ಚೂರೂ ತಪ್ಪದೆ ಪಾಲಿಸಿದಳು. ಆಗ ಮರದಾಚೆ ಇಳಿದಿದ್ದ ಬಿಸಿಲನ್ನು ಬೆನ್ನಿಗೆ ಹಾಕಿಕೊಂಡು, ಅಂದರೆ ಮರವನ್ನೂ ಬೆನ್ನಿಗೆ ಹಾಕಿಕೊಂಡು, ನಾಲ್ವರ ಮುಖವೂ ಬರುವಂತೆ ಅವರೆದುರಿಗೆ ಬದಿಯಲ್ಲಿ ನಿಂತಳು. ಆ ಕಡೆ ತಿರುಗಿ ಎಂದು ಓಬಣ್ಣನವರು ಕೂಗುವಷ್ಟರಲ್ಲಿ ಬುಡ ಲಟಲಟನೆ ಮುರಿಯಿತು. ಆ ಸದ್ದಿಗೆ ಬೆಚ್ಚಿ ಆಕೆ ಗುಂಡಿ ಒತ್ತಿದಳು. ಗಳಿಗೆ ಕರಾರುವಾಕ್ಕಾಗಿತ್ತು, ದಿಕ್ಕೊಂದು ಬೇರೆ.

ತೊಳೆದು ನೋಡಿದಾಗ ಗೋಣೆಪ್ಪನೂ ಅವನ ಸಂಗಡಿಗರೂ ಕ್ಯಾಮೆರಾವನ್ನೇ ದಿಟ್ಟಿಸುತ್ತಿದ್ದರು. ಓಬಣ್ಣನವರೊಬ್ಬರು ಬಾಯಿ ತೆರೆದು ಮೇಲೆ ನೋಡುತ್ತಿದ್ದರು. ಮರದ ಒಂದೆಲೆಯೂ ಇರಲಿಲ್ಲ. ಅವರಿಗಾದ ಸಂಕಟ ಸಣ್ಣದಲ್ಲ. ಆ ಚಿತ್ರವನ್ನು ಪೆಟ್ಟಿಗೆಯ ತಳಕ್ಕೆ ಹಾಕಿ ವರ್ಷಗಟ್ಟಲೆ ಮುಟ್ಟಲಿಲ್ಲ. ಆದರೂ ಉಳಿದ ಚಿತ್ರಗಳನ್ನು ಮನೆಮನೆಗೂ ಕೊಟ್ಟರು. ಒಬ್ಬರ ಹೆಗಲ ಹಿಂದೆ ಕಾಂಡ, ಒಬ್ಬರ ತಲೆಯ ಮೇಲೆ ಕೊಂಬೆ, ಶಂಕ್ರಮ್ಮನ ಕಿವಿಯ ಪಕ್ಕ ನಂಬರು, ಹೀಗೆ ಆ ಮರ ಈಗ ಊರಿನ ಗೋಡೆಗಳ ಮೇಲೆ ಹಂಚಿಹೋಗಿದೆ.

ಚನ್ನಗಿರಿಯಲ್ಲಿ ಅವರು ನಿವೃತ್ತರಾದಾಗ, ಈ ಸಂಪುಟದ ಮೊದಲ ಪುಟಕ್ಕೆ ಅವರದೊಂದು ಭಾವಚಿತ್ರ ಬೇಕಾಯಿತು. ಸದಾ ಕ್ಯಾಮೆರಾದ ಹಿಂದಿದ್ದವರ ಫೋಟೋ ಎಲ್ಲಿಂದ ಬರಬೇಕು? ಗುರುತಿನ ಚೀಟಿಯಲ್ಲಿದ್ದದ್ದು ಯಾರೆಂದು ಅವರ ಮನೆಯವರೇ ಗುರುತಿಸಲಿಲ್ಲ. ಕೊನೆಗೆ ಪೆಟ್ಟಿಗೆಯ ತಳದಿಂದ ಆ ಚಿತ್ರ ಹೊರಬಂತು. ತೆಗೆದವಳ ಒಪ್ಪಿಗೆ ಕೇಳಲು ಸಮಿತಿಯವರು ಓಬಣ್ಣನವರನ್ನೂ ಕರೆದುಕೊಂಡು, ಈಗ ತಗಡಿನ ನೆರಳಿಗೆ ಬಂದಿರುವ ಹೊನ್ನೂರಮ್ಮನ ಅಂಗಡಿಗೆ ಹೋದರು. ಆಕೆ ಒಪ್ಪಿದಳು, ಒಂದು ಷರತ್ತಿನ ಮೇಲೆ.

"ಕರಿ-ಬಿಳಿ ಹಂಗೇ ಹಾಕ್ಬೇಡ್ರಿ. ಮೇಷ್ಟ್ರು ಇನ್ನೂ ಇದ್ದಾರೆ."

ಓಬಣ್ಣನವರು ಅಲ್ಲೇ ಬೆಂಚಿನ ಮೇಲೆ ಕುಳಿತು, ಚೀಲದಿಂದ ಜಲವರ್ಣದ ಡಬ್ಬಿಗಳನ್ನು ಹೊರತೆಗೆದು, ಚಹಾದ ಲೋಟದಲ್ಲಿ ನೀರು ತೆಗೆದುಕೊಂಡು, ನಾಲ್ವರ ಕೆನ್ನೆಗೂ ಗುಲಾಬಿ ತುಂಬಿದರು. ತುಂಬುತ್ತ ಕುಂಚ ನಿಂತಿತು. ಹಗ್ಗ ಹಿಡಿದವರ ಪಾದದ ಮುಂದೆ, ರಸ್ತೆಯ ಉದ್ದಕ್ಕೂ ಕಪ್ಪಾಗಿ ಏನೋ ಬಿದ್ದಿತ್ತು. ಬಿಸಿಲು ಬೆನ್ನಿಗಿತ್ತಲ್ಲ, ಹೊನ್ನೂರಮ್ಮನ ಹಿಂದಿನಿಂದ ಬಂದ ನೆರಳು ಅದು: ಓರೆಯಾಗಿ ವಾಲಿದ ಕಾಂಡ, ಹರಡಿದ ತಲೆ, ಇನ್ನೂ ನೆಲ ಮುಟ್ಟದ ಮರ. ಓಬಣ್ಣನವರು ಚಿತ್ರವನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದರು. ಸಮಿತಿಯವರು ಹಸಿರಿನ ಡಬ್ಬಿ ಮುಂದೆ ಮಾಡಿದಾಗ, ಅದು ಹಾಗೇ ಇರಲಿ ಎಂದು ಕಣ್ಣೊರೆಸಿಕೊಂಡರು.

ಶ್ರೀಯುತರು ನೂರ್ಕಾಲ ಬಾಳಲಿ, ಅವರ ರೀಲುಗಳು ಅಂಚೆಯಲ್ಲಿ ಹೊತ್ತಿಗೆ ಸರಿಯಾಗಿ ತಲುಪಲಿ, ಇನ್ನೂ ನಿಂತಿರುವ ಮರಗಳನ್ನು ನಿಂತಿರುವಾಗಲೇ ತೆಗೆಯುವ ಬಿಡುವು ಅವರಿಗೆ ದೊರೆಯಲಿ ಎಂದು ಹಾರೈಸುತ್ತ ಓದುಗರಲ್ಲಿ ಒಂದು ವಿನಂತಿ. ಮೊದಲ ಪುಟದ ಚಿತ್ರವನ್ನು ಬೇಕಾದಷ್ಟು ಹೊತ್ತು ನೋಡಬಹುದು. ದಯವಿಟ್ಟು ಯಾರೂ ಹೂವು ಹಾಕಬಾರದು.