ಎಲ್ಲರ ಫೋನಿಗೂ ನನ್ನದೇ ಖಾತೆ

ಹೊಳೆನರಸೀಪುರದ ನನ್ನ ಅಂಗಡಿಯಲ್ಲಿ ಹೊಸ ಫೋನ್ ಕೊಂಡವರು ಪೆಟ್ಟಿಗೆಯನ್ನು ನನ್ನ ಕಡೆಗೇ ತಳ್ಳಿ, "ಎಲ್ಲಾ ನೀವೇ ಆಕ್ಕೊಟ್ಬುಡಿ ಸಾ" ಅನ್ನುತ್ತಾರೆ. ಫೋನ್ ಈಮೇಲ್ ಖಾತೆ ಕೇಳುತ್ತದೆ. ಅವರಲ್ಲಿ ಇರುವುದಿಲ್ಲ. ಮಾಡಿಕೊಡೋಣವೆಂದರೆ ಹುಟ್ಟಿದ ದಿನ, ಪಾಸ್‌ವರ್ಡ್, ಮತ್ತೆ ಅದೇ ಪಾಸ್‌ವರ್ಡ್. ಅಷ್ಟರಲ್ಲಿ ಅರಕಲಗೂಡಿನ ಬಸ್ಸು ಹೊರಟಿರುತ್ತದೆ. ಹಾಗಾಗಿ ವರ್ಷಗಟ್ಟಲೆ ನಾನೊಂದು ಸುಲಭದ ದಾರಿ ಹಿಡಿದೆ. ಅಂಗಡಿಯ ಖಾತೆಯನ್ನೇ ಎಲ್ಲರ ಫೋನಿಗೂ ಹಾಕಿ ಕಳಿಸಿದೆ. ಗಿರಾಕಿಗೂ ಬೇಗ ಕೆಲಸವಾಯಿತು, ನನಗೂ ಮುಂದಿನ ಗಿರಾಕಿ ಸಿಕ್ಕಿದ. ಹಾಸನದ ಬಸ್ ನಿಲ್ದಾಣದಲ್ಲಿ ಫೋನಿನ ಕವರು ಮಾರುತ್ತಾ ಮೇಲೆ ಬಂದವನು ನಾನು. ಸಮಯ ಉಳಿಸುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಮೇಲೆ ಹೊಸ ಅಪ್‌ಡೇಟುಗಳ ಸುದ್ದಿ ಬಂತು. ಕದ್ದ ಫೋನು ಕಳ್ಳನಿಗೆ ದಕ್ಕಬಾರದೆಂದು ಕಂಪನಿಗಳು ಬೀಗ ಬಿಗಿ ಮಾಡಿದ್ದವು. ಫೋನನ್ನು ರೀಸೆಟ್ ಮಾಡಿ ಪೂರ್ತಿ ಅಳಿಸಿದರೂ ಹಳೆಯ ಖಾತೆಯ ಪಾಸ್‌ವರ್ಡ್ ಕೊಡದೆ ಅದು ತೆರೆಯದು, ರಿಪೇರಿಯವರ ಒಳದಾರಿಗಳೂ ಇನ್ನು ನಡೆಯವು. ಒಳ್ಳೆಯದೇ ಆಯಿತು ಎಂದು ಗಿರಾಕಿಗಳಿಗೆ ನಾನೇ ಹೊಗಳಿ ಹೇಳಿದ್ದೆ.

ಒಂದು ಬೆಳಿಗ್ಗೆ ನನ್ನ ಖಾತೆ ನನ್ನನ್ನೇ ಹೊರಗೆ ಹಾಕಿತು. ಇಷ್ಟೊಂದು ಫೋನುಗಳಲ್ಲಿ ಒಂದೇ ಖಾತೆ ಇದ್ದುದನ್ನು ಕಂಡು ಅದಕ್ಕೆ ಅನುಮಾನ ಬಂದಿರಬೇಕು. ಪಾಸ್‌ವರ್ಡ್ ಸರಿಯಾಗಿ ಒತ್ತಿದರೂ, ಅಂಗಡಿಯ ಮೊದಲ ನಂಬರಿಗೆ ಓಟಿಪಿ ಕಳಿಸುತ್ತೇನೆ, ಅದನ್ನು ಹೇಳು ಅನ್ನುತ್ತದೆ. ಆ ಸಿಮ್ಮಿಗೆ ರೀಚಾರ್ಜ್ ದಂಡವೆಂದು ನಾನು ಬಿಟ್ಟು ಎಷ್ಟೋ ಕಾಲವಾಗಿತ್ತು.

ಅದೇ ವಾರ ರುದ್ರಪಟ್ಟಣದ ಸಂಗೀತದ ಮೇಷ್ಟ್ರಮ್ಮ ಬಂದರು. ಪ್ಯಾಟರ್ನ್ ಮರೆತು, ಯಾರದೋ ಮಾತು ಕೇಳಿ ಫೋನ್ ಅಳಿಸಿಬಿಟ್ಟಿದ್ದರು. ಈಗ ಅದು ನನ್ನ ಪಾಸ್‌ವರ್ಡ್ ಕೇಳುತ್ತಿತ್ತು. ಮಕ್ಕಳಿಗೆಂದು ಹಾಡಿ ರೆಕಾರ್ಡ್ ಮಾಡಿದ ಅವರ ಪಾಠಗಳೆಲ್ಲ ನನ್ನ ಖಾತೆಯೊಳಗೆ ಹೋಗಿ ಕೂತಿದ್ದವು.

"ಅಂದರೆ ನನ್ನ ಹಾಡು ಇಷ್ಟು ವರ್ಷ ನಿಮ್ಮ ಮನೆಯಲ್ಲಿತ್ತೇ?" ಎಂದರು.

"ಹೌದಮ್ಮ."

"ಈಗ ನಿಮಗೂ ಬಾಗಿಲು ತೆಗೆಯುತ್ತಿಲ್ಲ."

ಇವರೊಬ್ಬರದಲ್ಲ, ಮೂರು ತಾಲ್ಲೂಕಿನಲ್ಲಿ ಯಾರು ಫೋನ್ ಅಳಿಸಿದರೂ ಅದು ಇನ್ನು ಗಾಜಿನ ಹಲಗೆಯೇ. ಅಂಗಡಿ ಮುಚ್ಚಿ ಓಡೋಣವೆಂದರೆ ಎಲ್ಲರ ಫೋನಿನಲ್ಲೂ ನನ್ನ ಹೆಸರೇ ಇದೆ.

ಹಳೆಯ ನಂಬರಿಗೆ ಕರೆ ಮಾಡಿದೆ. ರಿಂಗಾಯಿತು! ಕಂಪನಿ ಆ ನಂಬರನ್ನು ಬೇರೆಯವರಿಗೆ ಕೊಟ್ಟುಬಿಟ್ಟಿತ್ತು. ಎತ್ತಿದ್ದು ಒಬ್ಬ ಹೆಂಗಸು. ಓಟಿಪಿ ಎಂಬ ಪದ ಬಾಯಿಂದ ಬೀಳುವಷ್ಟರಲ್ಲಿ ಕಟ್. ಮೂರನೆಯ ಸಲಕ್ಕೆ ಅವಳು ಬೈದಳು: "ತಾಕತ್ತಿದ್ರೆ ಹಿರೀಸಾವೆಗೆ ಬಾರ್ಲಾ. ಬಸ್ ನಿಲ್ಲೋ ತಾವ್ಲೇ ನನ್ನ ಓಟ್ಲು. ಕಾಲ್ ಮುರ್ದು ಕೈಗೆ ಕೊಡ್ತೀನಿ."

ವ್ಯಾಪಾರ ಮಾಡುವವರಿಗೆ ಒಂದು ಕಿವಿಮಾತು: ಬೈಗುಳದಲ್ಲೂ ವಿಳಾಸವಿದ್ದರೆ ಬರೆದುಕೊಳ್ಳಿ. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನದ ಊಟದ ಹೊತ್ತಿಗೆ ಹಿರೀಸಾವೆಯಲ್ಲಿಳಿದೆ.

ಹೋಟೆಲಿನ ಒಡತಿ ಮುದ್ದೆ ತಟ್ಟುತ್ತಿದ್ದಳು. ನಾನು ಯಾರೆಂದು ಹೇಳಿದ ಕೂಡಲೇ ಊಟಕ್ಕೆ ಕೂತವರಿಗೆಲ್ಲ ತೋರಿಸಿದಳು. "ನೋಡ್ರಪ್ಪೋ, ಈಗ ಕಳ್ರು ಬಸ್ಸತ್ಕೊಂಡು ಓಟ್ಲಿಗೇ ಬತ್ತಾವ್ರೆ!"

ಕಿಟಕಿಯ ಪಕ್ಕದ ಮುದುಕರೊಬ್ಬರು ನನ್ನನ್ನು ಅಳೆದು, "ಕಳ್ಳ ಇಂಗೆ ಬೆವರಾಕಿಲ್ಲ ಕಣವ್ವ" ಎಂದರು.

ಓಟಿಪಿ ಹೇಳಿದರೆ ಫೋನಿಗೆ ಒಂದು ಕವರು ಕೊಡುತ್ತೇನೆಂದೆ. ಬೇಡ. ಸ್ಕ್ರೀನಿಗೆ ಗಾಜು ಹಾಕಿಕೊಡುತ್ತೇನೆಂದೆ. ಬೇಡ. ಒಳ್ಳೆಯ ಇಯರ್‌ಫೋನು? "ನಿಮ್ ಸಾಮಾನು ಯಾರಿಗ್ ಬೇಕು ಸಾ? ಯಾರ್ಗೂ ಏಳ್ಬ್ಯಾಡಿ ಅಂತ ಫೋನೇ ಬಡ್ಕೊತೈತೆ, ನಾನ್ ಏಳ್ತೀನಾ?" ನನ್ನ ಅಂಗಡಿಯಲ್ಲಿ ನಾನೂ ದಿನಾ ಹೇಳುವ ಮಾತೇ ಅದು. ಮುದ್ದೆ ಊಟ ಹೇಳಿದೆ. ಉಂಡು, ಎಲೆ ಎತ್ತಿದ ಮೇಲೂ ಅಲ್ಲೇ ಕೂತೆ. ಎದ್ದು ಹೋದರೆ ಹೋಗುವುದಾದರೂ ಎಲ್ಲಿಗೆ?

ಕೊನೆಗೆ ನಡೆದುದನ್ನೆಲ್ಲ ಒಡತಿಗೆ ಹೇಳಿ, ಮೇಷ್ಟ್ರಮ್ಮನ ಪಕ್ಕದ ಮನೆಗೆ ಕರೆ ಮಾಡಿ, ಅವರನ್ನು ಕರೆಸಿ, ಒಡತಿಯ ಕೈಗೆ ನನ್ನ ಫೋನ್ ಕೊಟ್ಟೆ.

"ಇವ್ನು ಏಳೋದು ದಿಟವಾ ಅಮ್ಮ? ನೀವು ಆಡು ಏಳ್ಕೊಡೋರಾ? ಅಂಗಾದ್ರೆ ಒಂದ್ ಆಡಿ, ಕೇಳಾನ."

ಅತ್ತ ಕಡೆ ಗಂಟಲು ಸರಿಮಾಡಿಕೊಂಡ ಸದ್ದಾಯಿತು. ಆಮೇಲೆ ಸ್ಪೀಕರಿನಲ್ಲಿ ಆಲಾಪ ಎದ್ದಿತು. ಸಾರಿನ ಸೌಟು ಪಾತ್ರೆಯಲ್ಲೇ ನಿಂತಿತು. ಹೊರಗೆ ಬಸ್ಸು ಹಾರನ್ ಹೊಡೆದರೂ ಮುದುಕರು ಏಳಲಿಲ್ಲ.

"ಇಂಥ ಗಂಟ್ಲಲ್ಲಿ ಸುಳ್ಳು ಬರಾಕಿಲ್ಲ," ಎಂದು ಒಡತಿ ಕೈ ತೊಳೆದುಕೊಂಡಳು. "ಕೊಡ್ತೀನಿ ಸಾ. ಆದ್ರೆ ನಂದೊಂದೈತೆ. ನನ್ ಫೋನ್ಗೂ ನಿಮ್ ಖಾತೇನೇ ಆಕ್ಬುಡಿ. ಮರ್ತೋದ್ರೆ ನಿಮ್ಮನ್ನ ಇಡ್ಕತೀನಿ."

"ಅಕ್ಕ, ಅದೇ ತಪ್ಪಿಂದಲೇ ನಾನಿಲ್ಲಿಗೆ ಬಂದಿರೋದು! ನಿಮ್ಮದೇ ಒಂದು ಖಾತೆ ಮಾಡಿಕೊಡ್ತೀನಿ."

"ನಂದೇ ಆದ್ರೆ, ಮರ್ತಾಗ ಇಂಗೆ ಬಿಸ್ಲಾಗೆ ಯಾರ್ ಓಡ್ ಬತ್ತಾರೆ?"

ಡಬ್ಬಿಯಿಂದ ಎರಡು ವೀಳ್ಯದೆಲೆ, ಅಡಿಕೆ ತೆಗೆದು ಚಾಚಿದಳು. ನಮ್ಮ ಕಡೆ ಮಾತುಕತೆ ಮುಗಿದು ಎಲೆ ಅಡಿಕೆ ಹಿಡಿದರೆ ವ್ಯವಹಾರ ಕುದುರಿದಂತೆ. ಆಮೇಲೆ ಹಿಂದೆಗೆಯುವ ಹಾಗಿಲ್ಲ. ಜೀವಮಾನದಲ್ಲಿ ಎಷ್ಟೋ ಜನರಿಗೆ ನಾನು ಎಲೆ ಹಿಡಿಸಿದ್ದೇನೆ. ಅವತ್ತು ನಾನೇ ಹಿಡಿದೆ. ಓಟಿಪಿಯನ್ನು ಅವಳು ಒಂದೊಂದೇ ಅಂಕಿಯಾಗಿ, ಮುದುಕರಿಗೆ ಕೇಳದ ಹಾಗೆ ಪಿಸುಗುಟ್ಟಿದಳು. ಖಾತೆ ತೆರೆಯಿತು. ಮಾತು ಕೊಟ್ಟಂತೆ ಅವಳ ಫೋನನ್ನೂ ಅದರೊಳಕ್ಕೆ ಸೇರಿಸಿದೆ.

ಮಾರನೆಯ ದಿನ ಮೇಷ್ಟ್ರಮ್ಮನ ಪಾಠಗಳೆಲ್ಲ ಅವರ ಫೋನಿಗೆ ಮರಳಿದವು. ಅವರಿಗಾದರೂ ಬುದ್ಧಿ ಹೇಳೋಣವೆಂದು, "ಈಗ ನಿಮ್ಮ ಹೆಸರಲ್ಲೇ ಖಾತೆ ಮಾಡಿ, ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ" ಎಂದೆ. ನಿಮಗೂ ಅದನ್ನೇ ಹೇಳುತ್ತೇನೆ, ಇವತ್ತೇ ಮಾಡಿ.

ಅವರು ಫೋನನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡರು. "ಯಾಕೆ? ನೀವು ಇಲ್ಲೇ ಇರುತ್ತೀರಲ್ಲ" ಎಂದು ಮೆಟ್ಟಿಲಿಳಿದರು.