ಟ್ರಕ್ಕಿಗೆ ಕಟ್ಟಿದ ನಿಂಬೆಹಣ್ಣು

ಸೂರತ್ತಿಗೆ ರಿಮೋಟಿನಲ್ಲಿ ಓಡಿಸುವ ಆಟಿಕೆ ಟ್ರಕ್ಕುಗಳ ರೇಸಿಗೆಂದು ಹೋಗಿದ್ದೆ. ಪಕ್ಕದಲ್ಲಿದ್ದ ಅಲ್ಲಿನದೇ ವರಾಛಾ ಬಡಾವಣೆಯ ವಜ್ರದ ವ್ಯಾಪಾರಿ ಜಿಗ್ನೇಶ್‌ಭಾಯ್, ತನ್ನ ಮೊಳದುದ್ದದ ಟ್ರಕ್ಕಿಗೆ ಹೊಸ ಮೋಟಾರು, ಹೊಸ ಬ್ಯಾಟರಿ, ಅಲ್ಯೂಮಿನಿಯಂ ಚಾಸಿ ಎಲ್ಲ ಹಾಕಿಸಿ ಮದುಮಗನ ಹಾಗೆ ಮೆರೆಸುತ್ತಿದ್ದ.

"ನಿಮ್ಮದಿನ್ನೂ ಪ್ಲಾಸ್ಟಿಕ್ಕೇ?" ಅಂತ ನನ್ನ ಟ್ರಕ್ಕು ನೋಡಿ ನಕ್ಕ. ಆಮೇಲೆ ದೃಷ್ಟಿಯಾಗದಿರಲೆಂದು ತನ್ನದರ ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ.

"ಭಾಯ್, ದಾರ ಚಕ್ರಕ್ಕೆ ಸುತ್ತಿಕೊಳ್ಳುತ್ತೆ," ಅಂದೆ.

"ಹೊಟ್ಟೆಕಿಚ್ಚು ಪಡಬೇಡಿ," ಅಂದ.

ಮೊದಲ ತಿರುವಿನಲ್ಲೇ ದಾರ ಚಕ್ರಕ್ಕೆ ಸುತ್ತಿಕೊಂಡು ಟ್ರಕ್ಕು ಮಗುಚಿ ಬಿತ್ತು. ಅಪ್ಪಚ್ಚಿಯಾದ ನಿಂಬೆಹಣ್ಣನ್ನು ಬಿಡಿಸುತ್ತಾ ಪುಣ್ಯಾತ್ಮ ನನ್ನನ್ನೇ ಕೆಕ್ಕರಿಸಿ ನೋಡಿದ: "ನಿಮ್ಮ ಕಣ್ಣೇ ತಾಗಿದ್ದು!"

ಮುಂದಿನ ರೇಸಿಗೆ ಟ್ರಕ್ಕನ್ನು ಮತ್ತೆ ಅಪ್‌ಗ್ರೇಡ್ ಮಾಡಿಕೊಂಡು ಬಂದಿದ್ದ. ಈ ಸಲ ನಿಂಬೆಹಣ್ಣು ಎರಡು.